ಸಾಕ್ಷಿ ಕಡ್ಡಿ

ಚರ್ಚಿನಿಂದ ಬಂದು ಬೂಟು ಬಿಚ್ಚಿದೆ. ಕಾಲ್ಚೀಲದೊಳಗಿಂದಲೇ ನೆಲದ ಚಳಿ ಕಚ್ಚಿತು. ಗೋಡೆಯ ಥರ್ಮೋಸ್ಟಾಟ್ ಹನ್ನೊಂದು ಡಿಗ್ರಿ ತೋರಿಸುತ್ತಿತ್ತು. ಹೊರಗೆ ಸೊನ್ನೆಗಿಂತ ಮೂವತ್ತನಾಲ್ಕು ಕೆಳಗೆ. ಅಡುಗೆಮನೆಯಲ್ಲಿ ಪಪ್ಪ ಕೋಟು, ಕಿವಿಟೋಪಿ ಹಾಕಿಕೊಂಡೇ ಬಟಾಣಿ ಸೂಪು ಕುಡಿಯುತ್ತ ಕೂತಿದ್ದ.

"ಫರ್ನೇಸ್ ನಿಂತಿದೆಯಾ ಪಪ್ಪ?"

"ನಿಂತಿಲ್ಲ. ಯೋಚನೆ ಮಾಡ್ತಿದೆ."

ಬೇರೆ ದಿನವಾಗಿದ್ದರೆ ನಕ್ಕಿರುತ್ತಿದ್ದೆ. ನಾಲ್ಕು ಗಂಟೆಗೆ ಅಕ್ಕ ಮಿರೇಯ್ ವಿನಿಪೆಗ್‌ನಿಂದ ಬರುವವಳಿದ್ದಳು. ವೃದ್ಧಾಶ್ರಮದಲ್ಲಿ ಒಂದು ಕೋಣೆ ಖಾಲಿಯಾಗಿದೆ, ಅದರ ಕಾಗದಗಳನ್ನು ತರುತ್ತಾಳೆ ಎಂದು ನನಗೆ ಗೊತ್ತಿತ್ತು. ನವೆಂಬರಿನಲ್ಲಿ ಪಪ್ಪ ಉರಿಯುವ ಒಲೆಯ ಮೇಲೆ ಖಾಲಿ ಬಾಣಲೆ ಬಿಟ್ಟು ಅಂಗಳದ ಹಿಮ ತೆಗೆಯಲು ಹೋಗಿಬಿಟ್ಟಿದ್ದ. ಅವತ್ತೇ ಅಕ್ಕ ಹೇಳಿದ್ದಳು: "ಇನ್ನೊಂದು ಸಲ ಏನಾದ್ರೂ ಆಗಲಿ, ಆಮೇಲೆ ನಿನ್ನ ಮಾತೂ ಕೇಳಲ್ಲ, ಸೊಲಾಂಜ್." ನನ್ನ ಮಾತು ಅಂತ ಒಂದಿದ್ದರಲ್ಲವೇ ಕೇಳುವುದಕ್ಕೆ. ಅವತ್ತು ನಾನು ತಟ್ಟೆ ಒರೆಸುತ್ತ ನಿಂತಿದ್ದೆ, ಅಷ್ಟೆ.

ಗ್ಯಾಸಿನ ಫರ್ನೇಸು ಕೂರಿಸಿ, ರಿಪೇರಿ ಮಾಡಿ ನಮ್ಮೂರಿನ ಅರ್ಧ ಮನೆಗಳನ್ನು ನಲವತ್ತು ವರ್ಷ ಬೆಚ್ಚಗಿಟ್ಟವನು ಪಪ್ಪ. ಅವನ ಮನೆಯೇ ತಣ್ಣಗಿದ್ದರೆ ಅಕ್ಕನಿಗೆ ಬೇರೆ ಕಾರಣ ಬೇಕಿರಲಿಲ್ಲ.

"ನೋರ್ಬೇರ್‌ಗೆ ಫೋನ್ ಮಾಡಲಾ?" ಪಪ್ಪನ ಅಂಗಡಿಯನ್ನು ಈಗ ನಡೆಸುತ್ತಿರುವವನು ನೋರ್ಬೇರ್.

"ಅವನಿಗಾ? ಸ್ಕ್ರೂಡ್ರೈವರ್‌ಗೆ ಹಿಡಿ ಯಾವ ಕಡೆ ಇರುತ್ತೆ ಅಂತ ಅವನಿಗೆ ತೋರಿಸಿದ್ದೇ ನಾನು! ಇಲ್ಲಿಗೆ ಬಂದು ಹೋದ ಅಂದ್ರೆ ಸಾಯಂಕಾಲದೊಳಗೆ ಊರಿಗೆಲ್ಲ ಡಂಗುರ. ನಡಿ ಕೆಳಗೆ, ಬ್ಯಾಟರಿ ತಗೋ."

ನೆಲಮಾಳಿಗೆಯಲ್ಲಿ ಪಪ್ಪ ಫರ್ನೇಸಿನ ತಗಡಿನ ಬಾಗಿಲು ಕಳಚಿ ಗೋಡೆಗೆ ಒರಗಿಸಿದ. ಬಾಗಿಲಿಲ್ಲದಿದ್ದರೆ ಅದಕ್ಕೆ ಕರೆಂಟು ಹೋಗುವುದಿಲ್ಲ. ಬಾಗಿಲು ಮುಚ್ಚಿದಾಗ ಒತ್ತಿಕೊಳ್ಳುವ, ಚೌಕಟ್ಟಿನ ಪುಟ್ಟ ಗುಂಡಿಯನ್ನು ನಾನು ಹೆಬ್ಬೆರಳಿನಿಂದ ಒತ್ತಿ ಹಿಡಿದೆ. ಚಿಕ್ಕಂದಿನಿಂದ ಅದು ನನ್ನ ಕೆಲಸ.

ಸಣ್ಣ ಫ್ಯಾನು ಗುಂಯ್ ಎಂದಿತು. ಹೊತ್ತಿಸುವ ಕಡ್ಡಿ ಕೆಂಪಗೆ ಕಾದಿತು. ಟಕ್ ಎಂದು ಗ್ಯಾಸು ಬಂದು ನೀಲಿ ಉರಿ ಸಾಲಾಗಿ ಹತ್ತಿಕೊಂಡಿತು. ಒಂದು, ಎರಡು, ಮೂರು, ನಾಲ್ಕು. ಆರಿತು. ಎರಡನೇ ಸಲವೂ ಹಾಗೇ, ಮೂರನೇ ಸಲವೂ ಹಾಗೇ. ಆಮೇಲೆ ಸುಮ್ಮನಾಯಿತು.

"ಹೇಳು ನೋಡೋಣ, ಏನಾಗಿದೆ?" ಪಪ್ಪ ಕೇಳಿದ, ಪಾಠ ಒಪ್ಪಿಸಿಕೊಳ್ಳುವವನ ಹಾಗೆ.

"ಸಾಕ್ಷಿ ಕಡ್ಡಿ."

"ಶಭಾಷ್, ಚಿಗಟ!" ನಮ್ಮಲ್ಲಿ ಮುದ್ದಿನ ಮಕ್ಕಳೆಲ್ಲ ಚಿಗಟಗಳೇ.

ಉರಿಯೊಳಗೆ ಮೂತಿ ಚಾಚಿಕೊಂಡಿರುವ ಬೆರಳುದ್ದದ ಕಡ್ಡಿ ಅದು. ಬೆಂಕಿ ಇದೆ ಎಂದು ಅದು ಹೇಳಿದರೆ ಮಾತ್ರ ಗ್ಯಾಸು ಬರುತ್ತಿರುತ್ತದೆ. ಮೈಮೇಲೆ ಪದರ ಕಟ್ಟಿದರೆ ಬೆಂಕಿಯಲ್ಲೇ ನಿಂತಿದ್ದರೂ ಅದಕ್ಕೆ ಬೆಂಕಿ ತಿಳಿಯುವುದಿಲ್ಲ. ಪಪ್ಪನ ಕೈ ತಾನಾಗಿಯೇ ಸ್ಕ್ರೂ ಹುಡುಕಿತು, ಬಿಚ್ಚಿತು, ಕಡ್ಡಿಯನ್ನು ಹೊರಗೆಳೆಯಿತು. ಒಂದು ನಡುಕವಿಲ್ಲ. ನನಗೆ ಎಷ್ಟು ಸಮಾಧಾನವಾಯಿತೆಂದರೆ ಕಣ್ಣು ತುಂಬಿತು.

ಆಮೇಲೆ ಅವನು ಜೇಬಿನಿಂದ ಇಪ್ಪತ್ತು ಡಾಲರಿನ ನೋಟು ತೆಗೆದ.

ಪಪ್ಪನ ಹೆಸರಾಂತ ಉಪಾಯ ಅದು. ಮರಳುಕಾಗದ ಕಡ್ಡಿಯನ್ನು ಗೀರುತ್ತದೆ. ಗರಿಗರಿ ನೋಟಿನ ಒರಟು ಸಾಕು. ರೋಗಕ್ಕೆ ದುಡ್ಡು ತೋರಿಸಿದರೆ ವಾಸಿ ಎಂದು ಮನೆಯೊಡತಿಯರನ್ನು ನಗಿಸುತ್ತಿದ್ದ. ಆದರೆ ನಮ್ಮ ನೋಟುಗಳು ಕಾಗದ ಹೋಗಿ ಪ್ಲಾಸ್ಟಿಕ್ ಆಗಿ ಹತ್ತು ವರ್ಷದ ಮೇಲಾಯಿತು. ನುಣ್ಣನೆಯ ಹಸಿರು ನೋಟು ಕಡ್ಡಿಯ ಮೇಲೆ ಜಾರಿ ಜಾರಿ ಬಂತು. ಪಪ್ಪ ನಾಲಿಗೆ ಕಚ್ಚಿಕೊಂಡು ಶ್ರದ್ಧೆಯಿಂದ ಉಜ್ಜಿದ. ನಾನು ಬ್ಯಾಟರಿಯ ಬೆಳಕನ್ನು ಕಡ್ಡಿಯ ಮೇಲೇ ಹಿಡಿದಿದ್ದೆ.

ಕಡ್ಡಿ ಕೂರಿಸಿದ. ಉರಿ ಹತ್ತಿತು. ನಾಲ್ಕು ಎಣಿಸುವಷ್ಟರಲ್ಲಿ ಆರಿತು.

ಪಪ್ಪ ನೋಟನ್ನು ತಿರುಗಿಸಿ ಮುರುಗಿಸಿ ನೋಡಿದ. "ಹಾಗಾದ್ರೆ ಹೊಗೆ ಸ್ವಿಚ್ಚೇ ಸರಿ," ಎಂದು ಗೊಣಗಿ, ಪೆಟ್ಟಿಗೆಯಿಂದ ಗೇಣುದ್ದದ ತಂತಿ ತೆಗೆದು ಅದರ ತುದಿಗಳನ್ನು ಹಲ್ಲಿನಿಂದ ಸುಲಿಯತೊಡಗಿದ.

ಹೊಗೆ ಹೊರಗೆ ಹೋಗುತ್ತಿದೆಯೇ ಎಂದು ಕಾಯುವ ಸ್ವಿಚ್ಚು ಅದು. ಕೊಳವೆಯ ಬಾಯಿಗೆ ಹಿಮ ಕಟ್ಟಿದರೆ ಫರ್ನೇಸನ್ನು ನಿಲ್ಲಿಸುತ್ತದೆ. ಅದರ ಎರಡು ತಂತಿಗಳನ್ನು ನೇರ ಸೇರಿಸಿಬಿಟ್ಟರೆ ತಡೆಯುವವರಿಲ್ಲ. ವಾಸನೆಯಿಲ್ಲದ ವಿಷ ಮನೆ ತುಂಬುತ್ತದೆ.

"ಬೇಡ ಪಪ್ಪ."

"ಅವಳು ನಾಲ್ಕಕ್ಕೆ ಬರ್ತಾಳಲ್ಲ. ಅಷ್ಟರೊಳಗೆ ಬೆಚ್ಚಗಾದ್ರೆ ಸಾಕು." ಸುಲಿದ ಸಿಪ್ಪೆಯನ್ನು ನೆಲಕ್ಕೆ ಉಗಿದ. "ಯಾಕೆ ಬರ್ತಾಳೆ ಅಂತ ನಂಗೊತ್ತಿಲ್ಲ ಅಂದ್ಕೊಂಡ್ಯಾ?"

ನಾನು ಹೆಬ್ಬೆರಳು ತೆಗೆದೆ. ಕರೆಂಟು ಹೋಯಿತು.

"ಚಳಿ ಆಗ್ತಿದೆ. ಮೇಲಿಂದ ನನ್ನ ಶಾಲು ತಂದ್ಕೊಡ್ತೀಯಾ?"

ಅವನ ಹೆಜ್ಜೆ ಮೆಟ್ಟಿಲು ದಾಟುವವರೆಗೆ ಕಾದೆ. ಬಟ್ಟೆ ಒಗೆಯುವ ತೊಟ್ಟಿಯ ಬಳಿ ಪಾತ್ರೆ ಉಜ್ಜುವ ಉಕ್ಕಿನ ನಾರು ಇತ್ತು. ಕಡ್ಡಿಯನ್ನು ಮತ್ತೆ ಬಿಚ್ಚಿ, ಅದರಿಂದ ಹತ್ತು ಸಲ ಮೆಲ್ಲಗೆ ಉಜ್ಜಿದೆ. ಬೂದು ಪದರ ಹೋಗಿ ಕಡ್ಡಿ ಹೊಳೆಯಿತು. ಕೂರಿಸಿ ಗುಂಡಿ ಒತ್ತಿದೆ. ನಾಲ್ಕು, ಐದು, ಆರು. ಇಪ್ಪತ್ತಾದರೂ ಉರಿ ನಿಂತೇ ಇತ್ತು. ದೊಡ್ಡ ಫ್ಯಾನು ಭೋರೆಂದಿತು. ತಗಡಿನ ಬಾಗಿಲು ಮುಚ್ಚಿ, ಪಪ್ಪ ಬಿಟ್ಟುಹೋದ ತಂತಿಯನ್ನು ಜೇಬಿಗೆ ಹಾಕಿಕೊಂಡೆ.

ಪಪ್ಪ ಇಳಿದು ಬಂದ. ಕೈಯಲ್ಲಿ ಶಾಲಿನ ಬದಲು ಊಟದ ಮೇಜಿನ ಹಾಸು. "ನೋಡಿದ್ಯಾ? ನೋಟು ತೋರಿಸಿದ್ರೆ ಯಾವನಾದ್ರೂ ಏಳ್ತಾನೆ!"

ಅಕ್ಕ ಬರುವಷ್ಟರಲ್ಲಿ ಹತ್ತೊಂಬತ್ತು ಡಿಗ್ರಿ. ಪಪ್ಪ ಅವಳಿಗೆ ಸೂಪು ಬಡಿಸಿ, ತಾನೂ ಒಂದು ಬಟ್ಟಲು ಇಟ್ಟುಕೊಂಡು, ಇಡೀ ಕಥೆಯನ್ನು ನೋಟಿನ ಸಮೇತ ಆಡಿ ತೋರಿಸಿದ.

"ನೋರ್ಬೇರ್ ಆಗಿದ್ದಿದ್ರೆ ಹೊಸ ಫರ್ನೇಸೇ ಮಾರಿಬಿಡ್ತಿದ್ದ," ಅಂದ. ಅಕ್ಕ ನಕ್ಕಳು. ನಗುತ್ತಲೇ ಕೈಚೀಲವನ್ನು ಕಾಲಿನಿಂದ ಕುರ್ಚಿಯಡಿಗೆ ತಳ್ಳಿದಳು. ಕಾಗದ ಇವತ್ತು ಹೊರಗೆ ಬರುವುದಿಲ್ಲ. ನಾನು ಮಾಡಬೇಕಾದದ್ದು ನನಗೆ ಚೆನ್ನಾಗಿ ಬರುವ ಕೆಲಸ, ಸುಮ್ಮನಿರುವುದು. ಆದರೆ ನಾಳೆ ಸೋಮವಾರ. ಬೆಳಿಗ್ಗೆ ಎಂಟಕ್ಕೆ ನಾನು ಗ್ರಂಥಾಲಯದ ಕೆಲಸಕ್ಕೆ ಹೋಗುತ್ತೇನೆ. ಮನೆಯಲ್ಲಿ ಪಪ್ಪ ಒಬ್ಬನೇ.

"ಹೊಗೆ ಸ್ವಿಚ್ಚಿನ ತಂತಿ ಸೇರಿಸೋಕೆ ಹೋಗಿದ್ದ," ಅಂದೆ.

"ಏನಂದೆ?" ಅಕ್ಕ ಕೇಳಿದಳು.

ಎರಡನೇ ಸಲ ಹೇಳಬೇಕಾಯಿತು. ಅಕ್ಕನೂ ಫರ್ನೇಸಿನವನ ಮಗಳೇ. ಅವಳ ಮುಖದ ಬಣ್ಣ ಹೋಯಿತು.

ಪಪ್ಪ ಚಮಚ ಕುಕ್ಕಿದ. ಕತ್ತಿನವರೆಗೆ ಕೆಂಪಾಗಿದ್ದ. "ಯಾರು? ಯಾವ ಕತ್ತೆ?" ಅಕ್ಕ ತನ್ನ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. "ನಿದ್ದೆಯಲ್ಲೇ ಮನೆಮಂದಿನೆಲ್ಲ ಸಾಯಿಸ್ತಾನೆ ಅಂಥವನು! ಎಷ್ಟು ವರ್ಷದ ಅನುಭವ ಇದ್ರೇನು? ಮೊದಲು ಅವನನ್ನ ಆ ಮನೆಯಿಂದ ಹೊರಗೆ ಕಳಿಸಿ. ಕನಿಕರ ಗಿನಿಕರ ಬೇಡ." ನನ್ನ ಕಡೆ ತಿರುಗಿದ. "ಸರಿ ತಾನೇ, ಚಿಗಟ?"

ಅಕ್ಕ ನನ್ನ ಮುಖ ನೋಡಲಿಲ್ಲ.

"ಸರಿ ಪಪ್ಪ," ಅಂದೆ.