ಸಂಜೆಯ ಸ್ಯಾಂಡ್‌ವಿಚ್

"ಅಮ್ಮ, ಒಂಚೂರು ಈ ಕಡೆ ತಿರುಗ್ತೀರಾ?"

ಪುಟ್ಟಬಸಮ್ಮನ ಬಾಯಿ ತುಂಬ ಬಿಸಿ ಸ್ಯಾಂಡ್‌ವಿಚ್ ಇತ್ತು. ಒಂಟಿಕೊಪ್ಪಲಿನ ಆ ಪುಟ್ಟ ಅಂಗಡಿಯ ಮುಂದೆ ಮೊಬೈಲು ಹಿಡಿದು ನಿಂತಿದ್ದವನು ಗುರುಕಿರಣ್. ಕಡಿಮೆ ದುಡ್ಡಿಗೆ ಒಳ್ಳೆ ಸ್ಯಾಂಡ್‌ವಿಚ್ ಸಿಗುವ ಅಂಗಡಿಗಳನ್ನು ಹುಡುಕಿ ವಿಡಿಯೊ ಮಾಡುತ್ತಾನಂತೆ.

"ಹೆಂಗಿದೆ ಅಮ್ಮ?"

ಅವಳು ನುಂಗಿ, ಸೆರಗಿನಿಂದ ತುಟಿ ಒರೆಸಿಕೊಂಡಳು. "ಚಟ್ನಿ ಚೆನ್ನಾಗದೆ. ಬೀಟ್ರೂಟ್ ಮಾತ್ರ ಲಕ್ಷ್ಮೀಪುರದ ಅಂಗಡೀಲಿ ಇನ್ನೂ ತೆಳ್ಳಗೆ ಹೆಚ್ತಾರೆ. ಹೂಟಗಳ್ಳೀಲಿ ಫ್ಯಾಕ್ಟರಿ ಬಿಡೋ ಹೊತ್ಗೆ ಹೋದ್ರೆ ಹೊಟ್ಟೆ ತುಂಬ ಸಿಗ್ತದೆ."

"ಎಲ್ಲಾ ಕಡೆ ತಿಂದ್ಬುಟ್ಟಿದ್ದೀರಲ್ಲ," ಎಂದು ಗುರುಕಿರಣ್ ನಕ್ಕ.

"ಏನ್ ಮಾಡ್ಲಪ್ಪ, ಸಂಜೆ ಆದ್ರೆ ಮನೇಲಿ ಇರಕ್ಕಾಗಲ್ಲ."

ಆ ಮಾತನ್ನೂ ಅವನು ವಿಡಿಯೊದಲ್ಲಿ ಹಾಗೇ ಉಳಿಸಿಕೊಂಡ.

ಗಂಡ ವೃಷಭೇಂದ್ರಪ್ಪ ಹೊರಗಿನ ನೀರನ್ನೂ ಮುಟ್ಟದವರು. ಸಂಜೆ ಪೂಜೆ ಮುಗಿಸಿ ಏಳುತ್ತಲೇ ಬಿಸಿ ರೊಟ್ಟಿ ತಟ್ಟೆಗೆ ಬೀಳಬೇಕಿತ್ತು. ಅವರು ಎದ್ದ ಮೇಲೆ ಉಳಿದ, ತಣ್ಣಗಾದ ರೊಟ್ಟಿ ಅವಳದು. ಹೋದ ಶ್ರಾವಣದಲ್ಲಿ ಅವರು ತೀರಿಕೊಂಡರು. ಕೈಗೆ ಕೆಲಸ ತಪ್ಪಿತು, ಹೊತ್ತು ತಪ್ಪಲಿಲ್ಲ. ಬಿಸಿಲು ಇಳಿಯುತ್ತಲೇ ಅಡುಗೆಮನೆಗೆ ಹೋಗುವಳು, ಬರುವಳು, ಮತ್ತೆ ಹೋಗುವಳು. ಒಂದು ದಿನ ಚಪ್ಪಲಿ ಮೆಟ್ಟಿದವಳೇ ಸಿಟಿ ಬಸ್ಸು ಹತ್ತಿದಳು. ಲಕ್ಷ್ಮೀಪುರದಲ್ಲಿ ಇಳಿದರೆ ಎದುರಿಗೇ ಸ್ಯಾಂಡ್‌ವಿಚ್ ಅಂಗಡಿ. "ಕೂತ್ಕೊಳ್ಳಿ ಅಮ್ಮ, ಬಿಸಿ ಮಾಡ್ಕೊಡ್ತೀನಿ," ಎಂದಳು ಅಂಗಡಿಯ ವಾಣಿ. ಪುಟ್ಟಬಸಮ್ಮ ಕೂತಳು, ತಿಂದಳು. ಯಾರೂ ನೀರು ಕೇಳಲಿಲ್ಲ, ಉಪ್ಪು ಕೇಳಲಿಲ್ಲ. ಅಂದಿನಿಂದ ಬಸ್ಸು ಇಳಿಸಿದ ಕಡೆಯೆಲ್ಲ ಅಂಥದೇ ಒಂದು ಅಂಗಡಿ ಹುಡುಕುವುದು ರೂಢಿಯಾಯಿತು.

ವಿಡಿಯೊ ಊರೆಲ್ಲ ಸುತ್ತಿ ನಂಜನಗೂಡಿನ ನಾದಿನಿಯನ್ನೂ ಮುಟ್ಟಿತು. ಮಗ ಮೃತ್ಯುಂಜಯ ಬಾಗಿಲಲ್ಲೇ ಕೇಳಿದ.

"ಮನೇಲಿ ಇರಕ್ಕಾಗಲ್ಲ ಅಂದ್ರೆ ಏನವ್ವ ಅರ್ಥ? ಸೊಸೆ ಊಟ ಹಾಕಲ್ವಾ ಅಂತ ನಂಜನಗೂಡತ್ತೆ ಫೋನ್ ಮಾಡಿ ಕೇಳ್ತಾರೆ."

ಸೊಸೆ ಹೇಮಶ್ರೀ ಬಟ್ಟೆ ಮಡಚುತ್ತಿದ್ದಳು. ತಲೆ ಎತ್ತದೆಯೇ ಕೇಳಿದಳು: "ನನ್ನಿಂದ ಏನಾದ್ರೂ ತಪ್ಪಾಯ್ತಾ ಅತ್ತೆ?"

"ನಿಂದೇನಿಲ್ಲ ಕಣಮ್ಮ." ಸತ್ತವರ ಮೇಲೆ ಏನಂತ ಹೇಳುವುದು? ಅವರೇನು ಹೊಡೆದವರೇ, ಬೈದವರೇ?

ಒಂದು ವಾರ ಅವಳು ಹೊಸ್ತಿಲು ದಾಟಲಿಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಬಸ್ಸಿನ ಹಾರನ್ನು ಕೇಳಿದರೆ ಎದ್ದು ಕಿಟಕಿಗೆ ಬರುವಳು, ಮತ್ತೆ ಕೂರುವಳು. ಭಾನುವಾರ ಮಗನೇ ಸ್ಕೂಟರ್ ತೆಗೆದ. "ತಿನ್ಬೇಕು ಅನ್ಸಿದ್ರೆ ನನ್ನ ಕೇಳವ್ವ. ನಾನೇ ಕರ್ಕೊಂಡೋಗ್ತೀನಿ."

ವಾಣಿಯ ಅಂಗಡಿಯಲ್ಲಿ ಎರಡು ತಟ್ಟೆ ಬಂದವು. ಪುಟ್ಟಬಸಮ್ಮ ಮಗನ ತಟ್ಟೆಯನ್ನು ಅವನ ಹತ್ತಿರಕ್ಕೆ ಸರಿಸಿದಳು, ಚಟ್ನಿ ಬಡಿಸಿದಳು, ಲೋಟಕ್ಕೆ ನೀರು ಬಗ್ಗಿಸಿದಳು. ಆಮೇಲೆ ಅವನ ಬಾಯನ್ನೇ ನೋಡುತ್ತ ಕೂತಳು.

"ಉಪ್ಪು ಸಾಕಾ ಮಗ?"

"ಸಾಕು. ನೀನು ತಿನ್ನು."

ಅವನು ಕೈ ಒರೆಸಿಕೊಂಡ ಮೇಲೆ ತನ್ನದನ್ನು ಕಚ್ಚಿದಳು. ಬ್ರೆಡ್ಡು ಆರಿ ತೊಗಲಿನಂತಾಗಿತ್ತು.

"ಚೆನ್ನಾಗಿತ್ತಲ್ವಾ? ಇನ್ಮೇಲೆ ಪ್ರತಿ ಭಾನುವಾರ ಬರೋಣ," ಎಂದ ಮೃತ್ಯುಂಜಯ, ಸಮಾಧಾನದಿಂದ. ಅವಳು ಹೂಂಗುಟ್ಟಿದಳು.

ಮನೆಗೆ ಬಂದಾಗ ಹೇಮಶ್ರೀ ಅಡುಗೆಮನೆಯಲ್ಲಿದ್ದಳು. "ಹೆಂಗಿತ್ತು ಅತ್ತೆ?"

"ತಣ್ಣಗಾಗಿತ್ತು ಕಣಮ್ಮ. ಅವ್ನು ತಿನ್ನೋದ್ನೇ ನೋಡ್ಕೊಂಡು ಕೂತ್ಬುಟ್ಟೆ. ನಿಮ್ಮಾವನ ಮುಂದೆ ಕೂತಿರ್ತಿದ್ದೆನಲ್ಲ, ಅಂಗೇ."

ಹೇಮಶ್ರೀ ಒಲೆ ಸಣ್ಣ ಮಾಡಿದಳು. ಮಗ್ಗುಲಿನ ಕೋಣೆಯಿಂದ ಮೃತ್ಯುಂಜಯ ಊಟಕ್ಕೆ ಆಯಿತೇ ಎಂದು ಕೂಗಿ ಕೇಳುತ್ತಿದ್ದ.

ಮರುದಿನ ಸಂಜೆ ಪುಟ್ಟಬಸಮ್ಮ ಚಪ್ಪಲಿ ಮೆಟ್ಟಿ ಅಂಗಳಕ್ಕೆ ಬಂದಳು. ಗೇಟಿಗೆ ಅಡ್ಡವಾಗಿ ಸೊಸೆಯ ಗಾಡಿ ನಿಂತಿತ್ತು. ಅತ್ತೆ ಹಿಂದಕ್ಕೂ ಹೋಗಲಾರದೆ ಮುಂದಕ್ಕೂ ಬರಲಾರದೆ ನಿಂತದ್ದನ್ನು ಕಂಡು ಹೇಮಶ್ರೀ ಹೊರಗೆ ಬಂದಳು, ಗಾಡಿಯನ್ನು ಗೋಡೆಯ ಬದಿಗೆ ತಳ್ಳಿದಳು.

"ಹೋಗ್ಬನ್ನಿ. ಅವ್ರು ಕೇಳಿದ್ರೆ ನಾನ್ ಹೇಳ್ಕೋತೀನಿ."

ಬಸ್ಸಿನಲ್ಲಿ ಕಂಡಕ್ಟರ್ ಎಲ್ಲಿಗೆಂದು ಕೇಳಿದ. ಅವಳು ಯೋಚಿಸಿರಲಿಲ್ಲ.

"ಇದು ಎಲ್ಲೀವರ್ಗೂ ಹೋಗ್ತದೋ ಅಲ್ಲೀಗೇ ಕೊಡಪ್ಪ."

ಸೀಟುಗಳು ಖಾಲಿಯಿದ್ದವು. ಅವಳು ಕೂರಲಿಲ್ಲ. ಕಂಬಿ ಹಿಡಿದು ಕಿಟಕಿಯತ್ತ ಬಗ್ಗಿ ನಿಂತಳು. ಹೊರಗೆ ಅಂಗಡಿಗಳ ದೀಪಗಳು ಒಂದೊಂದಾಗಿ ಹತ್ತಿಕೊಳ್ಳುತ್ತಿದ್ದವು.