ಕುಂಟಿಯ ನಡೆ

ಭಾವ ದೋಣಿಯನ್ನು ಸರಿಮಾಡಿಬಿಟ್ಟಿದ್ದರು. ನನ್ನ ಸಿಟ್ಟಿಗೆ ಅದೇ ಕಾರಣ. ಕೆಡಿಸಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಕೆಟ್ಟದ್ದನ್ನು ಇನ್ನೊಬ್ಬರ ಕೈಗೆ ಕೊಟ್ಟು ರಿಪೇರಿ ಮಾಡಿಸಬಹುದು. ಸರಿಮಾಡಿದ್ದನ್ನು ಯಾರ ಹತ್ತಿರ ಒಯ್ಯುವುದು?

ದೋಣಿ ಅಪ್ಪ ಕೈಯಾರೆ ಮಾಡಿದ್ದು. ಎರಡು ಮೊಳ ಉದ್ದ. ತಗಡಿನ ಒಡಲು, ಮೇಲೆ ತೇಗದ ಪಟ್ಟಿ, ನಡುವೆ ಚಿಮಣಿ ಹೊತ್ತ ತಾಮ್ರದ ಬಾಯ್ಲರ್, ಅದರ ಕೆಳಗೆ ಸ್ಪಿರಿಟ್ ದೀಪ, ಹಿಂದೆ ಹೆಬ್ಬೆರಳು ಗಾತ್ರದ ಒಂದೇ ಸಿಲಿಂಡರಿನ ಎಂಜಿನ್. ಆಟದ ಸಾಮಾನಿನಂತೆ ಕಂಡರೂ ಒಳಗಿದ್ದದ್ದು ನಿಜವಾದ ಬೆಂಕಿ, ನಿಜವಾದ ಉಗಿ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಬಾಯ್ಲರ್ ನೋಡಿಕೊಳ್ಳುವುದು ಅಪ್ಪನ ಕೆಲಸ. ವಾರವೆಲ್ಲ ಆಳೆತ್ತರದ ಬಾಯ್ಲರಿನ ಎದುರು ನಿಂತು ಬಂದವರು ಭಾನುವಾರ ಅಂಗೈಯಗಲದ ಬಾಯ್ಲರಿನ ಮುಂದೆ ಕೂರುತ್ತಿದ್ದರು. ವಾರವೆಲ್ಲ ಆನೆ ಮೇಯಿಸಿ, ರಜಾ ದಿನ ಇಲಿಮರಿ ಸಾಕ್ತಾರೆ ಎಂದು ಅಮ್ಮ ಗೊಣಗುತ್ತಿದ್ದಳು.

ಆ ದೋಣಿ ಕುಂಟುತ್ತಿತ್ತು. ನೀರಿನಲ್ಲಲ್ಲ, ಸದ್ದಿನಲ್ಲಿ. ಉಗಿ ಎಂಜಿನ್ನಿನ ಉಸಿರು ಸಮನಾಗಿ ಬರಬೇಕು: ಟಪ್ ಟಪ್ ಟಪ್ ಟಪ್. ಅಪ್ಪನ ದೋಣಿಯದು ಹಾಗಲ್ಲ. ತಕಿಟ ತಕಧಿಮಿ, ತಕಿಟ ತಕಧಿಮಿ. ಒಂದು ಹೆಜ್ಜೆ ಗಿಡ್ಡ, ಒಂದು ಹೆಜ್ಜೆ ಉದ್ದ. ಪಾರ್ಕಿನ ಕೊಳದ ಕಾವಲುಗಾರ ಅದಕ್ಕೆ ಕುಂಟಿ ಎಂದು ಹೆಸರಿಟ್ಟ, ಹೆಸರು ಅಂಟಿಕೊಂಡಿತು. ನನಗೆ ಮಾತ್ರ ಅದು ಕುಂಟು ಅನ್ನಿಸಿದ್ದೇ ಇಲ್ಲ. ಬೆಳಿಗ್ಗೆ ಒಲೆಯ ಮುಂದೆ ಅಮ್ಮ ಪದ್ಯ ಹೇಳಿಕೊಳ್ಳುತ್ತಿದ್ದದ್ದೂ ಅದೇ ಮೂರು ನಾಲ್ಕರ ನಡೆಯಲ್ಲಿ. ಅರ್ಥ ತಿಳಿಯುವ ಮೊದಲೇ ಆ ನಡೆ ನನ್ನ ಕಿವಿಯೊಳಗೆ ಮನೆ ಮಾಡಿತ್ತು. ಅಪ್ಪ ಬೇಕೆಂದೇ ಅದನ್ನು ಎಂಜಿನ್ನಿನಲ್ಲಿ ಕೂರಿಸಿದ್ದಾರೆ, ಬಾಯಲ್ಲಿ ಆಡಲಾಗದ್ದನ್ನು ಉಗಿಯಲ್ಲಿ ಆಡಿದ್ದಾರೆ ಎಂದು ನಂಬಿಕೊಂಡಿದ್ದೆ. ಕೇಳಿ ನೋಡಿರಲಿಲ್ಲ. ನಮ್ಮ ಮನೆಯಲ್ಲಿ ಅಂಥದ್ದನ್ನೆಲ್ಲ ಕೇಳುವ ಪದ್ಧತಿಯಿಲ್ಲ.

ಅಪ್ಪ ಹೋಗಿ ನಾಲ್ಕು ವರ್ಷವಾಯಿತು. ದೋಣಿ ಬೀರುವಿನ ಮೇಲೆ ಧೂಳು ತಿನ್ನುತ್ತಿತ್ತು. ಕಳೆದ ವರ್ಷ ಅಮ್ಮನ ಕಣ್ಣು ಪೂರ್ತಿ ಹೋಯಿತು. ಯಾರಿಂದಲೂ ಏನನ್ನೂ ಬೇಡದವಳು ಒಂದು ದಿನ ಊಟದ ನಡುವೆ ಕೈ ನಿಲ್ಲಿಸಿ ಅಂದಳು, "ಆ ದೋಣಿ ಓಡೋದನ್ನ ಒಂದ್ಸಲ ಕೇಳ್ಬೇಕು ಕಣೋ."

ನೋಡಬೇಕು ಅನ್ನಲಿಲ್ಲ. ಕೇಳಬೇಕು ಅಂದಳು.

ಬಾಯ್ಲರಿನ ಒಂದು ಬೆಸುಗೆ ಬಿಟ್ಟುಕೊಂಡಿತ್ತು. ನಾನು ತಕ್ಕಡಿ ರಿಪೇರಿಯವನು. ಮುಳ್ಳು, ತಿರುಪು, ಸಣ್ಣ ಸ್ಪ್ರಿಂಗು ನನ್ನ ಕೈಗೆ ಬಗ್ಗುತ್ತವೆ, ಬಾಯ್ಲರ್ ಬಗ್ಗುವುದಿಲ್ಲ. ಸೀಸದ ಬೆಸುಗೆ ಹಾಕಿದರೆ ಬೆಂಕಿಗೆ ಕರಗಿ ಬಾಯಿ ಬಿಡುತ್ತದೆ. ಬೆಳ್ಳಿ ಬೆಸುಗೆಯೇ ಆಗಬೇಕು, ಅದಕ್ಕೆ ದೊಡ್ಡ ಜ್ವಾಲೆ ಬೇಕು, ಪಳಗಿದ ಕೈ ಬೇಕು. ಅಕ್ಕನ ಗಂಡ ಲಿಫ್ಟ್ ಮೆಕ್ಯಾನಿಕ್. ಅವರ ಮನೆಯ ಹಿಂದಿನ ಶೆಡ್ಡಿನಲ್ಲಿ ಎರಡೂ ಇದ್ದವು. ದೋಣಿಯನ್ನು ಅವರ ಮೇಜಿನ ಮೇಲೆ ಇಡುವಾಗ ಮೂರು ಸಲ ಹೇಳಿದೆ, ಬೆಸುಗೆ ಮಾತ್ರ, ಎಂಜಿನ್ ಮುಟ್ಟಬೇಡಿ ಎಂದು. ಭಾವ ನಕ್ಕರು. ವಾಪಸ್ ಕೊಡುವಾಗ ನಿನ್ನ ತಕ್ಕಡಿಯಲ್ಲೇ ತೂಗಿ ಕೊಡ್ತೀನಿ, ಗುಲಗಂಜಿಯಷ್ಟು ಹೆಚ್ಚುಕಮ್ಮಿಯಾದರೆ ಕೇಳು ಅಂದರು.

ಮೂರು ವಾರ ಕಳೆದು, ಶನಿವಾರ ಬೆಳಿಗ್ಗೆ ಕರೆ ಬಂತು. ಮಾರನೆಯ ದಿನ ಕೊಳಕ್ಕೆ ಹೋಗುವುದು ಅಂತ ಅಮ್ಮನಿಗೆ ಆಗಲೇ ಹೇಳಿಯಾಗಿತ್ತು. ಶೆಡ್ಡಿನಲ್ಲಿ ಬಟ್ಟೆ ನೆನೆಹಾಕುವ ದೊಡ್ಡ ತೊಟ್ಟಿಗೆ ನೀರು ತುಂಬಿಸಿ ಭಾವ ಕಾಯುತ್ತಿದ್ದರು. ಸುಳ್ಳು ಹೇಳಬಾರದು, ಕೆಲಸ ಚೆನ್ನಾಗಿತ್ತು. ಬೆಸುಗೆಯ ಗೆರೆ ಹೊಲಿಗೆಯಷ್ಟು ಸಣ್ಣಗೆ, ನೇರವಾಗಿ ಬಾಯ್ಲರಿನ ಸುತ್ತ ಓಡಿತ್ತು. ಎರಡು ಪಟ್ಟು ಒತ್ತಡದ ನೀರು ಕೊಟ್ಟು ಪರೀಕ್ಷೆ ಮಾಡಿದ್ದರಂತೆ, ಒಂದು ಹನಿ ಜಿನುಗಿಲ್ಲವಂತೆ. ಅವರ ಎಡಗೈಯ ಮೇಲೆ ಸುಟ್ಟ ಬೊಬ್ಬೆಯಿತ್ತು. ನಾನು ಕೈಮುಗಿಯುವುದರಲ್ಲಿದ್ದೆ.

ದೀಪ ಹಚ್ಚಿದರು. ಹತ್ತು ನಿಮಿಷಕ್ಕೆ ಒತ್ತಡದ ಮುಳ್ಳು ಮೇಲೇರಿತು. ಭಾವ ಉಗಿಯ ತಿರುಪು ಬಿಟ್ಟು, ಎಂಜಿನ್ನಿನ ಪುಟ್ಟ ಚಕ್ರಕ್ಕೆ ಬೆರಳು ತಾಗಿಸಿದರು.

ಟಪ್ ಟಪ್ ಟಪ್ ಟಪ್.

ತೊಟ್ಟಿಯ ಅಂಚು ಹಿಡಿದು ಬಗ್ಗಿ ಕಿವಿಗೊಟ್ಟೆ. ಏನು ಮಾಡಿದಿರಿ ಎಂದು ಕೇಳಿದೆ. ಅದನ್ನು ಕೇಳಲೆಂದೇ ಕಾದಿದ್ದವರಂತೆ ಭಾವ ವಿವರಿಸಿದರು. ಸಿಲಿಂಡರಿನ ಎರಡು ತುದಿಗೂ ಸರದಿಯಂತೆ ಉಗಿ ಬಿಡುವ ಪುಟ್ಟ ಹಿತ್ತಾಳೆ ತುಂಡು ಇರುತ್ತದೆ, ವಾಲ್ವ್, ಉಗುರಿನಷ್ಟು. ಅದರ ಒಂದು ಅಂಚು ಗಿಡ್ಡವಾಗಿತ್ತಂತೆ, ಯಾರೋ ಅರದಲ್ಲಿ ಉಜ್ಜಿದ ಹಾಗೆ. ಕುಂಟಿಗೆ ಕುಂಟು ಬಂದದ್ದು ಅಲ್ಲಿಂದಲೇ. ಎರಡು ಸಂಜೆ ಕೂತು ಹೊಸದನ್ನು ಮಾಡಿ ಹಾಕಿದ್ದರು.

"ನಿಮ್ಮಪ್ಪ ದೊಡ್ಡ ಕೆಲಸಗಾರ, ಇಲ್ಲ ಅನ್ನಲ್ಲ. ಆದ್ರೆ ತಪ್ಪು ತಪ್ಪೇ ಅಲ್ವೇನಯ್ಯಾ? ನನ್ನ ಲಿಫ್ಟು ಅರ್ಧ ಅಂಗುಲ ಕೆಳಗೆ ನಿಂತ್ರೆ ಜನ ಎಡವಿ ಬೀಳ್ತಾರೆ."

"ಇದು ಲಿಫ್ಟಲ್ಲ ಭಾವ."

"ಅದೂ ನಿಜ. ಲಿಫ್ಟಾಗಿದ್ರೆ ನಿಮ್ಮಪ್ಪನ್ನ ಕೆಲಸದಿಂದ ತೆಗೀತಿದ್ರು."

ಭಾವನ ಎದುರು ನಾನು ಎಂದೂ ದನಿ ಏರಿಸಿದವನಲ್ಲ. ಅಂದೂ ಏರಿಸಲಿಲ್ಲ, ಹಲ್ಲು ಕಚ್ಚಿ ಹಳೆಯ ವಾಲ್ವ್ ಎಲ್ಲಿ ಎಂದಷ್ಟೇ ಕೇಳಿದೆ. ಕಂಪನಿಯ ಗೋಡೌನಿನ ಗುಜರಿ ಡ್ರಮ್ಮಿಗೆ ಹಾಕಿದೆ ಅಂದರು, ಹಲ್ಲುಕಡ್ಡಿ ಎಸೆದಷ್ಟು ಸಲೀಸಾಗಿ.

ಎರಡು ಬಸ್ಸು ಬದಲಿಸಿ ಗೋಡೌನಿಗೆ ಹೋದೆ. ಡ್ರಮ್ಮು ಬೋರಲಾಗಿ ಬಿದ್ದಿತ್ತು. ಹಿಂದಿನ ದಿನವೇ ಗುಜರಿ ಲಾರಿ ಬಂದು ಹೋಗಿತ್ತು. ಉಗುರಿನಷ್ಟು ಹಿತ್ತಾಳೆ ತುಂಡು ಎಂದು ಗೇಟಿನವನಿಗೆ ತೋರಿಸಿದಾಗ, ಆನೆ ಹೊಟ್ಟೆಗೆ ಬಿದ್ದ ಅರೆಕಾಸಿನ ಮಜ್ಜಿಗೆ ಹುಡುಕ್ತೀರಲ್ಲ ಸ್ವಾಮಿ ಅಂದ. ಅವನ ಮೇಲೂ ಸಿಟ್ಟು ಬಂತು. ನೆಲದ ಎಣ್ಣೆಯಲ್ಲಿ ಮಂಡಿಯೂರಿ, ಡ್ರಮ್ಮಿದ್ದ ಜಾಗವನ್ನು ಬೆರಳಿನಿಂದ ಬಾಚಿದೆ. ಸಿಕ್ಕಿದ್ದು ಎರಡು ವಾಷರ್.

ಸಂಜೆ ಅಕ್ಕ ಫೋನ್ ಮಾಡಿ ಬುದ್ಧಿ ಹೇಳಿದಳು. ಅವರು ಊಟ ನಿದ್ದೆ ಬಿಟ್ಟು ಮಾಡಿದ್ದಾರೆ, ಒಂದು ಒಳ್ಳೆ ಮಾತು ಆಡೋದು ಬಿಟ್ಟು ಮುಖ ಊದಿಸಿಕೊಂಡು ಹೋದೆಯಂತೆ, ಅಮ್ಮನಿಗೇನು ವ್ಯತ್ಯಾಸ ಗೊತ್ತಾಗುತ್ತೆ ಎಂದಳು. ಕಣ್ಣು ಹೋಗಿರೋದು ಅಮ್ಮನಿಗೆ, ಕಿವಿ ಹೋಗಿರೋದು ನಿನಗೆ ಎಂದು ಫೋನ್ ಇಟ್ಟೆ. ಆದರೆ ಅಮ್ಮನಿಗೆ ಹೇಳುವ ಧೈರ್ಯ ನನಗೂ ಬರಲಿಲ್ಲ. ಅವಳು ಆಗಲೇ ನಾಳೆಯ ಸೀರೆಯನ್ನು ಮುಟ್ಟಿ ಮುಟ್ಟಿ ಆರಿಸಿ, ಕುರ್ಚಿಯ ಮೇಲೆ ಮಡಚಿಟ್ಟಿದ್ದಳು.

ಭಾನುವಾರ ಕೊಳದ ಬಳಿ ಹೆಚ್ಚು ಜನವಿರಲಿಲ್ಲ. ಅಮ್ಮನನ್ನು ಕಲ್ಲು ಬೆಂಚಿನ ಮೇಲೆ ಕೂರಿಸಿ, ಆಚೆ ಅಕ್ಕ, ಈಚೆ ನಾನು ಕೂತೆವು. ಭಾವ ಪ್ಯಾಂಟು ಮಡಚಿ ನೀರಿಗಿಳಿದು, ದೀಪ ಹಚ್ಚಿ, ಚುಕ್ಕಾಣಿಯನ್ನು ಸ್ವಲ್ಪ ವಾರೆ ಇಟ್ಟು ದೋಣಿಯನ್ನು ಬಿಟ್ಟರು. ಹಾಗೆ ಬಿಟ್ಟರೆ ಅದು ದೊಡ್ಡ ಸುತ್ತು ಹಾಕಿ ತಾನಾಗಿ ಮರಳುತ್ತದೆ.

ಟಪ್ ಟಪ್ ಟಪ್ ಟಪ್.

ಅಮ್ಮನ ಬೆರಳು ಮಂಡಿಯ ಮೇಲೆ ತಾಳ ಹುಡುಕತೊಡಗಿತು. ಮೂರು ತಟ್ಟಿತು, ನಾಲ್ಕು ತಟ್ಟಲು ಹೋಯಿತು, ತಪ್ಪಿತು. ಮತ್ತೆ ಮೊದಲಿಂದ ಹಿಡಿಯಿತು, ಮತ್ತೆ ತಪ್ಪಿತು. ಮೂರನೆಯ ಸಲ ಬೆರಳು ಎತ್ತಿದ್ದು ಕೆಳಗಿಳಿಯಲಿಲ್ಲ.

"ಇದು ಯಾರ ದೋಣಿ?"

ಅಪ್ಪಂದೇ ಅಂದಳು ಅಕ್ಕ.

"ಅಲ್ಲ. ಇದು ಯಾರೋ ಟೈಮಿಗೆ ಸರಿಯಾಗಿ ಆಫೀಸಿಗೆ ಹೋಗ್ತಾ ಇರೋ ಹಾಗಿದೆ."

ಅಷ್ಟು ಸಾಕಾಯಿತು ನನಗೆ. ಬಾಯ್ಲರಿನ ಮೇಲೆ ಸುರಕ್ಷತೆಗೆ ಒಂದು ವಾಲ್ವ್ ಇರುತ್ತದೆ, ಒತ್ತಡ ಮೀರಿದರೆ ಅದೇ ಉಗಿ ಉಗುಳುತ್ತದೆ. ದೇವರು ನನಗೆ ಅದನ್ನು ಇಟ್ಟಿಲ್ಲ. ಎದ್ದು ನಿಂತು ಭಾವನ ಮೇಲೆ ಹರಿಹಾಯ್ದೆ. ಮುಟ್ಟಬೇಡಿ ಅಂದದ್ದನ್ನೇ ಮುಟ್ಟಿದಿರಿ, ಕೇಳದೆ ಕಿತ್ತಿರಿ, ಹೇಳದೆ ಎಸೆದಿರಿ ಎಂದೆ. ಅಪ್ಪ ಅಮ್ಮನ ಪದ್ಯದ ನಡೆಯನ್ನು ಅದರೊಳಗೆ ಇಟ್ಟಿದ್ದರು, ನಿಮ್ಮ ಕಿವಿಗೆ ಅದು ಕುಂಟು, ನೀವು ಅದನ್ನು ಗುಜರಿಗೆ ಹಾಕಿದಿರಿ ಎಂದೆ. ಮೊಣಕಾಲ ನೀರಿನಲ್ಲಿ ನಿಂತ ಭಾವನ ಮುಖ ಕೆಂಪಾಯಿತು. ಮೂರು ವಾರ ಕತ್ತೆಯಂತೆ ದುಡಿದದ್ದಕ್ಕೆ, ಕೈ ಸುಟ್ಟುಕೊಂಡದ್ದಕ್ಕೆ ಇದು ಮರ್ಯಾದೆಯೇ ಎಂದು ಅವರೂ ಕೂಗಿದರು.

"ನಿಮ್ಮಪ್ಪ ಮಾಡಿದ ತಪ್ಪನ್ನ ನಾನು ತಿದ್ದಿದೆ. ಅಷ್ಟೇ ನಾನು ಮಾಡಿದ ಪಾಪ."

"ತಪ್ಪು ಅವರದ್ದಲ್ಲ ಅಳಿಯಂದ್ರೇ," ಅಂದಳು ಅಮ್ಮ. "ನಂದು. ಅದನ್ನ ಅರದಲ್ಲಿ ಉಜ್ಜಿದ್ದು ನಾನು."

ದೋಣಿ ಸುತ್ತು ಮುಗಿಸಿ ಬಂದು ಭಾವನ ಕಾಲಿಗೆ ಢಿಕ್ಕಿ ಹೊಡೆದು ಅಲ್ಲೇ ಒದ್ದಾಡತೊಡಗಿತು. ಯಾರೂ ಎತ್ತಲಿಲ್ಲ.

ಅಮ್ಮ ಹೇಳಿದ್ದು ಇಷ್ಟು. ಆಗ ಅವಳಿಗೆ ಈಗಿನ ನನಗಿಂತ ಚಿಕ್ಕ ವಯಸ್ಸು. ಓಣಿಯ ಹೆಂಗಸರು ಸೇರಿ ಒಂದು ಸಂಜೆ ಅವಳನ್ನು ನೂರು ಜನರ ಮುಂದೆ ಪದ್ಯ ಓದಲು ಕೂರಿಸಿದರು. ಮೊದಲನೆಯ ಸಲ, ಆಮೇಲೆ ಎರಡನೆಯದು ಬರಲೂ ಇಲ್ಲ. ಅಪ್ಪ ಬರುತ್ತೇನೆ ಅಂದಿದ್ದರು. ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಕೊನೆಯವರೆಗೂ ಖಾಲಿಯಿತ್ತು. ಓದು ಮುಗಿಸಿ ಮನೆಗೆ ಬಂದರೆ ಗಾಜಿನ ತುಂಡಿನ ಮೇಲೆ ಎಣ್ಣೆ ಹಾಕಿ ದೋಣಿಯ ವಾಲ್ವ್ ತೀಡಿಟ್ಟಿದೆ, ಕನ್ನಡಿಯಂತೆ ಹೊಳೆಯುತ್ತಿದೆ, ಅಪ್ಪ ಬಚ್ಚಲಲ್ಲಿ ಕೈ ತೊಳೆಯುತ್ತಿದ್ದಾರೆ. ಮರೆತೇ ಹೋಯ್ತು ಅಂತ ಒಳಗಿಂದಲೇ ಕೂಗಿದರಂತೆ. ಅಮ್ಮ ಅರ ತೆಗೆದುಕೊಂಡು ಅದರ ಒಂದು ಅಂಚಿನ ಮೇಲೆ ಮೂರು ಸಲ ಎಳೆದಳು. ಮಾರನೆಯ ವಾರ ಅಪ್ಪ ಅದನ್ನು ಹಾಕಿ ಎಂಜಿನ್ ಓಡಿಸಿದರು. ಕುಂಟಿತು. ತೆಗೆದು ಬೆಳಕಿಗೆ ಹಿಡಿದು ಅಂಚು ನೋಡಿದರು, ಬಾಗಿಲಲ್ಲಿ ನಿಂತಿದ್ದ ಅಮ್ಮನನ್ನು ನೋಡಿದರು, ಮತ್ತೆ ಅದನ್ನೇ ಹಾಕಿ ಮುಚ್ಚಳ ಬಿಗಿದರು.

"ಬೈದಿದ್ರೆ ಅವತ್ತೇ ಮುಗೀತಿತ್ತು. ಹೊಸದು ಮಾಡೋಕೆ ಅವರಿಗೆ ಒಂದು ಮಧ್ಯಾಹ್ನ ಸಾಕಿತ್ತು. ಮಾಡ್ಲಿಲ್ಲ. ಇಪ್ಪತ್ತೆರಡು ವರ್ಷ ನನ್ನ ಕಿವಿಗೆ ಬೀಳೋ ಹಾಗೆ ಓಡಿಸಿದ್ರು. ಕ್ಷಮಿಸಿದ್ರೋ, ಚುಚ್ಚಿದ್ರೋ, ಒಂದು ಮಾತು ಹೇಳದೆ ಹೋದ್ರು. ಇನ್ನೊಂದ್ಸಲ ಕೇಳಿದ್ರೆ ತಿಳೀಬಹುದೇನೋ ಅಂತ ಬಂದೆ."

ನನ್ನ ಸಿಟ್ಟಿಗೆ ಕಾಲೂರಲು ಜಾಗವೇ ಉಳಿಯಲಿಲ್ಲ. ಭಾವನಿಂದ ಹಾರಿ ಅಪ್ಪನ ಮೇಲೆ ಕೂತಿತು, ಅಲ್ಲಿಂದ ನನ್ನ ಮೇಲೆ. ಪದ್ಯದ ನಡೆ ಎಂದು ಅಷ್ಟು ವರ್ಷ ಪೂಜಿಸಿದ್ದೆನಲ್ಲ, ಅದನ್ನು ಅವಳಿಗೆ ಹೇಳಿದೆ, ದೂರುವ ದನಿಯಲ್ಲಿ.

"ನಡೆನೂ ಇಲ್ಲ, ಗಿಡೆನೂ ಇಲ್ಲ. ಸಿಟ್ಟು ಅದು," ಅಂದಳು. ಆಮೇಲೆ ನೀರಿನ ಕಡೆ ಮುಖ ತಿರುಗಿಸಿ, "ಅಳಿಯಂದ್ರೇ, ಅರ ಇದೆಯಾ?"

ಭಾವನ ಚೀಲದಲ್ಲಿ ಅರವಿಲ್ಲದ ದಿನವಿಲ್ಲ. ಏಕೆ ಎಂದು ಅವರು ಕೇಳಲಿಲ್ಲ; ಅರ್ಥವಾಗಿತ್ತು. ದೋಣಿಯನ್ನು ಎತ್ತಿ ಎದೆಗೆ ಅವುಚಿಕೊಂಡರು.

"ಅತ್ತೆ, ಅದರಲ್ಲಿ ಕೂದಲೆಳೆ ತಪ್ಪಿಲ್ಲ."

"ಅದಕ್ಕೇ."

ದೀಪ ಆರಿಸಿ, ಬಾಯ್ಲರ್ ತಣ್ಣಗಾಗಲು ಅರ್ಧ ಗಂಟೆ ಕಾದೆವು. ನಾನು ಸ್ಕ್ರೂಡ್ರೈವರಿಗೆ ಕೈ ಚಾಚಿದರೆ ಭಾವ ಕೊಡಲಿಲ್ಲ. ನಾಲ್ಕು ತಿರುಪನ್ನೂ ತಾವೇ ಬಿಚ್ಚಿದರು, ಮುಚ್ಚಳ ತೆಗೆದರು, ಎಣ್ಣೆ ಮೆತ್ತಿದ ಆ ಚೂರನ್ನು ಅಂಗಿಯ ಅಂಚಿನಲ್ಲಿ ಒರೆಸಿ ಅಮ್ಮನ ಅಂಗೈಯಲ್ಲಿಟ್ಟರು. ಚಿಮಣಿ ಕಡೆಯ ಅಂಚು ಯಾವುದು ಎಂದು ಅವಳು ಕೇಳಿದಳು. ಭಾವ ಅವಳ ಬೆರಳು ಹಿಡಿದು ತೋರಿಸಿದರು. ಆಮೇಲೆ ಬೆನ್ನು ತಿರುಗಿಸಿ ನಿಂತರು.

ಅಮ್ಮ ವಾಲ್ವನ್ನು ಬೆಂಚಿನ ಕಲ್ಲಿಗೆ ಒತ್ತಿಹಿಡಿದು ಅರ ಎಳೆದಳು. ಹಲ್ಲು ಚುಳ್ಳೆನ್ನುವ ಸದ್ದು. ಎರಡನೆಯ ಸಲ ಎಳೆದಳು. ಮೂರನೆಯದನ್ನು ಅರದ ತುದಿಯಿಂದ ಹಿಡಿಯವರೆಗೆ, ತುಟಿ ಕಚ್ಚಿಕೊಂಡು ಎಳೆದಳು. ಹಿತ್ತಾಳೆಯ ಪುಡಿ ಆರಿಸಿಟ್ಟ ಸೀರೆಯ ಮೇಲೆ ಉದುರಿತು.

ಭಾವ ಮತ್ತೆ ಕೂರಿಸಿದರು. ಮತ್ತೆ ನೀರು, ಮತ್ತೆ ಸ್ಪಿರಿಟ್ಟು, ಮತ್ತೆ ಮುಳ್ಳು ಏರುವವರೆಗೆ ಕಾಯುವುದು. ದೋಣಿ ಬಿಟ್ಟರು. ಕುಂಟಿ ಕುಂಟಿದಳು. ಹಿಂದೆಂದೂ ಕುಂಟದಷ್ಟು ಕುಂಟಿದಳು; ಗಿಡ್ಡ ಹೆಜ್ಜೆ ಇನ್ನೂ ಗಿಡ್ಡ, ಉದ್ದದ್ದು ನೆಲ ಒದ್ದಂತೆ. ಆದರೂ ಮೂರು, ಆದರೂ ನಾಲ್ಕು. ಅಮ್ಮನ ಬೆರಳು ಮಂಡಿಯ ಮೇಲೆ ಅದನ್ನು ಹಿಡಿಯಿತು.

ಭಾವ ನೀರಿನಿಂದಲೇ ಕೇಳಿದರು, ದನಿ ಗಡುಸಾಗಿಯೇ ಇತ್ತು. "ಜಾಸ್ತಿ ಉಜ್ಜಿದ್ರಿ ಅತ್ತೆ. ಹದ ನೋಡಿ ಇನ್ನೊಂದು ಮಾಡ್ಕೊಡ್ಲಾ?"

"ಬೇಡ. ಅವತ್ತು ನನಗೆ ಇಷ್ಟು ಸಿಟ್ಟಿರ್ಲಿಲ್ಲ."

ದೋಣಿ ಆಚೆ ದಡದ ಹತ್ತಿರ ತಿರುಗಿ ನಮ್ಮ ಕಡೆ ಮುಖ ಮಾಡಿತು. ತಿಳಿಯಿತೇ ಎಂದು ಅಮ್ಮನನ್ನು ಕೇಳಿದೆ.

"ಸುಮ್ನಿರೋ," ಅಂದಳು. "ಇನ್ನೊಂದು ಸುತ್ತು ಬರ್ಲಿ."