ಬ್ಯಾಂಜೊ ಇಲ್ಲದ ಭಾನುವಾರ

ಐರ್ಲೆಂಡಿನ ನಮ್ಮ ಪಟ್ಟಣ ಸ್ವೋರ್ಡ್ಸ್‌ನ ಪಬ್‌ಗಳಿಗೆ ಈಗ ಟಿವಿಯಲ್ಲಿ ಫುಟ್‌ಬಾಲ್ ಇದ್ದರೆ ಸಾಕು, ಹಾಡುವವರು ಬೇಡ. ಊರೂರು ಸುತ್ತಿ ನುಡಿಸುವ ಕಲಾವಿದರು ಎಲ್ಲಿಗೆ ಹೋಗಬೇಕು? ಆ ಸಿಟ್ಟಿಗೇ ನಾನು ಹಾಲ್‌ನ ಸೋಫಾ ಹೊರಗೆ ಹಾಕಿ, ಜಮಖಾನ ಹಾಸಿ, ಮನೆಯಲ್ಲೇ ಕಛೇರಿ ಶುರು ಮಾಡಿದ್ದು. ಬಂದವರಿಗೆ ಊಟ, ಹಾಸಿಗೆ, ಕೇಳುವ ಕಿವಿ. "ಅನಸೂಯಾ, ನಮ್ಮನೆ ಏನು ಛತ್ರಾನಾ?" ಎಂದು ನನ್ನ ಗಂಡ ಸುರೇಶ ಗೊಣಗುತ್ತಲೇ ಅನ್ನಕ್ಕಿಡುತ್ತಿದ್ದ.

ಎಲ್ಲರಿಗಿಂತ ಹೆಚ್ಚು ಸಲ ಬಂದವರು ಡೆಕ್ಲನ್ ಮತ್ತು ಬ್ರೀಡಾ. ಹಳೇ ವ್ಯಾನಿನಲ್ಲಿ ಐರ್ಲೆಂಡೆಲ್ಲ ಸುತ್ತಿ ಬ್ಲೂಗ್ರಾಸ್ ಎಂಬ ಅಮೆರಿಕದ ಹಳ್ಳಿ ಸಂಗೀತ ನುಡಿಸುವ ವಯಸ್ಸಾದ ದಂಪತಿ. ಗಂಡ ಡೆಕ್ಲನ್‌ದು ಪಿಟೀಲು, ಹೆಂಡತಿ ಬ್ರೀಡಾದು ತಂತಿ ಮೀಟುವ ಬ್ಯಾಂಜೊ; ಒಂದು ಸುತ್ತು ಅವರು ನುಡಿಸಿದರೆ ಮುಂದಿನ ಸುತ್ತು ಆಕೆ. ಬ್ರೀಡಾಗೆ ನನ್ನ ಬಿಸಿಬೇಳೆಬಾತ್ ಎಂದರೆ ಪ್ರಾಣ. ಹೊರಡುವಾಗ ನಾನಿಟ್ಟ ಕುಂಕುಮವನ್ನು ಮುಂದಿನ ಊರು ಬರುವ ತನಕ ಅಳಿಸುತ್ತಿರಲಿಲ್ಲ.

ಕಳೆದ ಚಳಿಗಾಲದಲ್ಲಿ ಬ್ರೀಡಾ ತೀರಿಕೊಂಡರು. ಡೆಕ್ಲನ್ ಪಿಟೀಲು ಮುಟ್ಟುವುದನ್ನೇ ಬಿಟ್ಟರು. ನಾನು ಬಿಡಬೇಕಲ್ಲ! ಫೋನ್ ಮೇಲೆ ಫೋನ್ ಮಾಡಿ ಪೀಡಿಸಿದೆ. "ಒಂಟಿ ಎತ್ತಿಗೆ ಗಾಡಿ ಕಟ್ತೀಯಲ್ಲೇ, ಪಾಪ," ಎಂದ ಸುರೇಶ. ಕೊನೆಗೆ ಡೆಕ್ಲನ್ ಒಪ್ಪಿದರು. ಒಂದು ಸಲ ನಮ್ಮ ಮನೆಯಲ್ಲಿ ನುಡಿಸಿ ನೋಡುವುದು; ನುಡಿಸಲು ಆದರೆ ವ್ಯಾನ್ ಮತ್ತೆ ರಸ್ತೆಗಿಳಿಯುತ್ತದೆ, ಆಗದಿದ್ದರೆ ಇಲ್ಲ.

ಆ ಭಾನುವಾರ ಮಧ್ಯಾಹ್ನ ಹಾಲ್ ತುಂಬ ನಮ್ಮ ಕನ್ನಡದವರು, ಹಿಂದೆ ಅಕ್ಕಪಕ್ಕದ ಐರಿಷರು. ಮೈಸೂರಿನಿಂದ ಬಂದಿದ್ದ ನಮ್ಮ ಮಾವ ನಂಜುಂಡಪ್ಪನವರು ಎಲ್ಲರಿಗಿಂತ ಮುಂದೆ ಕೂತರು. ಭಜನೆ ಮಂಡಳಿಯ ಹಳೇ ತಲೆ ಅವರು.

ಡೆಕ್ಲನ್ ಮೊದಲು ಒಂದೆರಡು ಸ್ವರ ತಪ್ಪಿದರು, ಆಮೇಲೆ ಹಿಡಿತ ಸಿಕ್ಕಿತು. ಒಂದು ಸುತ್ತು ಪಿಟೀಲು. ಬ್ಯಾಂಜೊ ಬರಬೇಕಾದ ಸುತ್ತಿಗೆ ಕಮಾನು ಇಳಿಸಿ, ಕಣ್ಣು ಮುಚ್ಚಿ, ಸುಮ್ಮನೆ ಕಾಯುತ್ತಿದ್ದರು. ಮತ್ತೆ ಪಿಟೀಲು. ಮುಖದಲ್ಲಿ ನಗು ಕೂಡ ಬಂತು. ಅಬ್ಬಾ, ಗೆದ್ದೆ ಅಂದುಕೊಂಡೆ.

ಭಜನೆಯಲ್ಲಿ ಹಾಡುವವರು ಉಸಿರಿಗೆ ನಿಂತರೂ ಕೂತವರು ತಾಳ ಬಿಡಬಾರದು. ಬಿಟ್ಟರೆ ಹಾಡು ಬಿದ್ದುಹೋಗುತ್ತದೆ. ಪಾಪ, ಮುದುಕರು ಸುಸ್ತಾದರೆಂದು ಮಾವ ಮುಂದಿನ ಖಾಲಿ ಸುತ್ತಿಗೆ ಕೈತಾಳ ಹಾಕಿದರು. ನಮ್ಮವರೆಲ್ಲ ಸೇರಿಕೊಂಡರು. ನಾನೂ ಹಾಕಿದೆ.

ಡೆಕ್ಲನ್ ಕಣ್ಣು ಬಿಟ್ಟು, ಬ್ರೀಡಾ ಕೂರುತ್ತಿದ್ದ ತಮ್ಮ ಪಕ್ಕಕ್ಕೆ ನೋಡಿದರು. ತಾಳ ಒಂದೊಂದಾಗಿ ನಿಂತಿತು.

"ಇಷ್ಟು ಹೊತ್ತೂ ಅವಳು ನುಡಿಸ್ತಿರೋದು ಕೇಳಿಸ್ತಿತ್ತು," ಎಂದರು ಇಂಗ್ಲಿಷಿನಲ್ಲಿ, ಮೆಲ್ಲಗೆ. ನಮ್ಮ ಮುಖ ನೋಡಿ, "ಗ್ರ್ಯಾಂಡ್," ಎಂದೂ ಸೇರಿಸಿದರು; 'ಪರವಾಗಿಲ್ಲ ಬಿಡಿ' ಅನ್ನೋದಕ್ಕೆ ಇಲ್ಲಿಯವರ ಮಾತು ಅದು.

ಮತ್ತೆ ಕಮಾನು ಎತ್ತಿ ನುಡಿಸಿದರು. ಬ್ಯಾಂಜೊ ಸುತ್ತು ಬಂದಾಗ ಕಣ್ಣು ಮುಚ್ಚಿ ಕಾದರು. ಈ ಸಲ ನಾವು ಕೈ ಕಟ್ಟಿ ಕೂತೆವು. ಅವರು ಕಾದೇ ಕಾದರು. ಆಮೇಲೆ ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರು.

ಇಂಗ್ಲಿಷ್ ಬಾರದ ಮಾವ ನನ್ನ ಕಡೆ ಬಾಗಿದರು. "ಯಾಕಮ್ಮಾ ನಿಲ್ಲಿಸ್ಬಿಟ್ರು? ನಾವೇನಾದ್ರೂ ತಾಳ ತಪ್ಪಿದ್ವಾ?"

"ಇಲ್ಲ ಮಾವ," ಎಂದೆ. "ತಾಳ ಸರಿಯಾಗೇ ಇತ್ತು."